ನುಡಿವಿಚಾರ: ಎಳೆ, ಸೆಳೆ, ಜಗ್ಗು, ಸೇದು

ಚಳ್ಳಕೆರೆಯಿಂದ ಗೃಹಿಣಿಯೊಬ್ಬರು ನಮಗೆ ಕಾಗದವೊಂದನ್ನು ಬರೆದಿರುವರು. ಕಾಗದವು ಉದ್ದವಾಗಿದೆ; ಕೇಳಿರುವ ಪ್ರಶ್ನೆಯು ಮಾತ್ರ ಒಂದೇ ಸಾಲಿನದು. ಆದರೆ ಆ ಒಂದು ಸಾಲಿಗೆ ಉತ್ತರ ಹೇಳಹೊರಟಾಗ ಈ ತಿಂಗಳು ನಮಗೆ ಸಲ್ಲುವ ಪುಟಗಳೆಲ್ಲವೂ ಅದಕ್ಕೇ ಬೇಕಾಗುವಂತೆ ತೋರಿತು. ಆದುದರಿಂದ ಉಳಿದ ವಾಚಕರ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇರಿಸಿಕೊಂಡು ಇದೊಂದನ್ನೇ ಎತ್ತಿಕೊಂಡಿರುವೆವು. ಕಾದಿರುವ ಮಹನೀಯರು ಕ್ಷಮಿಸಬೇಕು.

ಆಕೆಯ ಮಗನು ವ್ಯಾಪಾರದ ಹಡಗುಗಳಲ್ಲಿ ಕೆಲಸಕ್ಕೆ ಸೇರುವ ಸಲುವಾಗಿ ತರಬೇತಿಯನ್ನು ಪಡೆಯುತ್ತಿರುವನು. ರಜೆಯಲ್ಲಿ ಮನೆಗೆ ಬಂದಿದ್ದಾಗ ಜಗಲಿಯ ಮೇಲೆ ಕುಳಿತು ತನ್ನ ಪಾಠವನ್ನು ಓದಿಕೊಳ್ಳುತ್ತಿದ್ದನಂತೆ. ಹಡಗಿಗೆ ಅಪಾಯ ಬಂದಾಗ ಜನರನ್ನು ಇಳಿಸಿ ಕಳುಹಿಸುವ ಜೀವರಕ್ಷಕ ದೋಣಿಯ ಪಾಠವದು. ಅದರಲ್ಲಿ ‘ಬೌಸ್’ ಎಂಬ ಇಂಗ್ಲಿಷ್ ಕ್ರಿಯಾಪದವು ಬಂದಿತು. ರಾಟೆಗೆ ಹಗ್ಗವನ್ನು ಕೊಟ್ಟು ಎಳೆಯುವುದೆಂದು ಅದರ ಅರ್ಥ. “ಇದಕ್ಕೆ ಕನ್ನಡದಲ್ಲಿ ಏನನ್ನುತ್ತಾರಪ್ಪ?” ಎಂದು ತಾಯಿ ಕೇಳಿದರು. “ನಮ್ಮ ಸೀಮೆಗೆ ಕಡಲೇ ಇಲ್ಲ, ಮಾತೆಲ್ಲಿಂದ ಬರಬೇಕಮ್ಮ?” ಎಂದು ಮಗನು ನಕ್ಕನು. ಒಳಗೆ ಶೇಂಗಾ ಸುಲಿಯುತ್ತ ಕುಳಿತಿದ್ದ ಅಜ್ಜಿಗೆ ಆ ನಗೆಯು ಸರಿಬೀಳಲಿಲ್ಲ. ಆಕೆ ಮೊಳಕಾಲ್ಮುರು ಕಡೆಯ ಹಳ್ಳಿಯಿಂದ ಬಂದವರು. “ಕಡಲಿಲ್ದಿದ್ರೆ ಹಗ್ಗಾನೂ ಇಲ್ವೇನೋ ಮಗಾ? ಮೂವತ್ತು ವರ್ಷ ರಾಟೆಗೆ ಹಗ್ಗ ಹಾಕಿ ನೀರು ಸೇದೀನಿ. ಅದಕ್ಕೆ ಸೇದೋದು ಅಂತಾರೆ” ಎಂದರಂತೆ. ಮನೆಯ ಯಜಮಾನರು ಮಾತ್ರ, “ಯಾವುದಾದರೇನು, ಎಲ್ಲವೂ ಎಳೆಯುವುದೇ ತಾನೆ, ಎಳೆ ಎಂದರೆ ಸಾಲದೆ?” ಎಂದು ವ್ಯಾಜ್ಯವನ್ನು ಮುಗಿಸಲು ನೋಡಿದರು. ವ್ಯಾಜ್ಯ ಮುಗಿಯಲಿಲ್ಲ, ನಮ್ಮ ಬಳಿಗೆ ಬಂದಿತು. ಮೂವರಲ್ಲಿ ಯಾರ ಮಾತು ಸರಿ ಎಂಬುದೇ ಪ್ರಶ್ನೆ. ಕಾಗದದ ಕೊನೆಯಲ್ಲಿ ಅಜ್ಜಿಯವರ ಇನ್ನೊಂದು ಮಾತುಂಟು. ಅದನ್ನು ನಾವೂ ಕೊನೆಯಲ್ಲಿಯೇ ಹೇಳುವೆವು.

ಮೊದಲು ಆ ಇಂಗ್ಲಿಷ್ ಮಾತನ್ನು ವಿಚಾರಿಸೋಣ. ಹಡಗಿನ ಮೇಲೆ ಹಗ್ಗಗಳು ಹಲವು. ಅವುಗಳನ್ನು ಎಳೆಯುವ ಬಗೆಗಳೂ ಹಲವು. ಆದುದರಿಂದ ನಾವಿಕರು ಒಂದೊಂದು ಬಗೆಗೆ ಒಂದೊಂದು ಮಾತನ್ನು ಕಟ್ಟಿಕೊಂಡರು. ಹಗ್ಗವನ್ನು ಹಿಡಿದು ಒಂದೇ ಸಮನೆ ಎಳೆಯುವುದಕ್ಕೆ ‘ಹಾಲ್’, ಮೇಲಕ್ಕೇರಿಸುವುದಕ್ಕೆ ‘ಹಾಯ್ಸ್ಟ್’, ಭಾರಕ್ಕೆ ಒಮ್ಮೆಗೇ ಬಲಹಾಕುವುದಕ್ಕೆ ‘ಹೀವ್’, ರಾಟೆಗಳ ಜೋಡಣೆಯಿಂದ ಎಳೆದು ಬಿಗಿಯುವುದಕ್ಕೆ ‘ಬೌಸ್’. ಇದು ಪಾಂಡಿತ್ಯದ ವಿನೋದವಲ್ಲ. ಬಿರುಗಾಳಿಯಲ್ಲಿ ಅಧಿಕಾರಿಯು ಕೂಗುವ ಒಂದು ಮಾತಿನಿಂದ, ಯಾವ ಹಗ್ಗವನ್ನು ಯಾವ ಕಡೆಗೆ ಹೇಗೆ ಎಳೆಯಬೇಕೆಂಬುದು ಕೇಳಿದವರಿಗೆ ತಿಳಿಯಬೇಕು. ಇಂದಿನ ಹಡಗುಗಳಲ್ಲಿ ಹಾಯಿಗಳು ಇಲ್ಲದಿದ್ದರೂ ಈ ಕೊನೆಯ ಮಾತು ಜೀವರಕ್ಷಕ ದೋಣಿಯ ಬಳಿ ಉಳಿದುಕೊಂಡಿದೆ. ಮೇಲಿನಿಂದ ಇಳಿಬಿಟ್ಟ ದೋಣಿಯು ಹಡಗಿನ ಪಕ್ಕದಿಂದ ದೂರ ತೂಗಾಡಿದರೆ ಹತ್ತುವವರು ನಡುವಣ ಸಂದಿಯಲ್ಲಿ ಬಿದ್ದುಹೋಗುವರು. ಆದುದರಿಂದ ರಾಟೆಯ ಹಗ್ಗದಿಂದ ದೋಣಿಯನ್ನು ಹಡಗಿನ ಮೈಗೆ ಒತ್ತಿ ಎಳೆದು, ಎಲ್ಲರೂ ಹತ್ತುವವರೆಗೆ ಹಿಡಿದಿರಬೇಕು. ಹುಡುಗನು ಓದುತ್ತಿದ್ದುದು ಇದನ್ನೇ.

ಇನ್ನು ನಮ್ಮ ಸೀಮೆ. ಕಡಲಿಲ್ಲವೆಂದು ಹುಡುಗನು ಹೇಳಿದ್ದು ದಿಟ. ಚಳ್ಳಕೆರೆಯೂ ಮೊಳಕಾಲ್ಮುರುವೂ ಕರ್ನಾಟಕದಲ್ಲಿ ಬಹಳ ಕಡಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿಗೆ ಸೇರಿದವು. ಅಲ್ಲಿ ಹರಿಯುವ ದೊಡ್ಡ ಹೊಳೆಯೆಂದರೆ ವೇದಾವತಿ. ಆಂಧ್ರದ ಕಡೆಗೆ ಹೋದಮೇಲೆ ಹಗರಿ ಎಂಬ ಹೆಸರಿನಿಂದ ತುಂಗಭದ್ರೆಯನ್ನು ಸೇರುವುದು. ಈ ಹೊಳೆಗೆ ಮೇಲುಗಡೆ ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ ೧೮೯೮ರಿಂದ ೧೯೦೭ರವರೆಗೆ ಕಟ್ಟಿದ ವಾಣೀವಿಲಾಸ ಸಾಗರವು ೧೯೩೩ರಲ್ಲಿ ತುಂಬಿ ಕೋಡಿ ಬಿದ್ದಮೇಲೆ ಮತ್ತೆ ಕೋಡಿ ಬಿದ್ದುದು ೨೦೨೨ರಲ್ಲಿ. ನಡುವೆ ೮೯ ವರ್ಷಗಳು. ಇಂತಹ ಸೀಮೆಯಲ್ಲಿ ಹಡಗಿನ ಮಾತೆಲ್ಲಿಂದ ಬರಬೇಕೆಂದು ಯಾರಿಗಾದರೂ ತೋರುವುದು ಸಹಜವೇ. ಆದರೆ ಅಜ್ಜಿಯವರ ಎದುರುಪ್ರಶ್ನೆಯೇ ಅದಕ್ಕೆ ಉತ್ತರವಾಗಿದೆ. ಕಡಲಿಲ್ಲದಿದ್ದರೂ ಹಗ್ಗವುಂಟು. ನೀರು ಮೇಲೆ ಇಲ್ಲದ ನಾಡಿನಲ್ಲಿ ನೀರಿರುವ ಆಳಕ್ಕೆ ಹಗ್ಗವನ್ನು ಬಿಡಲೇಬೇಕು; ಆಳವು ಹೆಚ್ಚಿದಷ್ಟೂ ಹಗ್ಗದ ಬದುಕು ಹೆಚ್ಚುವುದು.

ಈಗ ನಮ್ಮ ಮಾತುಗಳನ್ನು ಒಂದೊಂದಾಗಿ ನೋಡಬಹುದು. ಯಜಮಾನರು ಹೇಳಿದ ‘ಎಳೆ’ಯಿಂದಲೇ ತೊಡಗುವೆವು, ಏಕೆಂದರೆ ಇದು ಮನೆತನಕ್ಕೆ ಹಿರಿಯ ಮಗನಿದ್ದಂತೆ. ಹಳಗನ್ನಡದಲ್ಲಿ ಈ ಮಾತನ್ನು ಈಗ ಬಳಕೆಯಿಂದ ಹೋಗಿರುವ ‘ೞ’ ಅಕ್ಷರದಿಂದ ‘ಎೞೆ’ ಎಂದು ಬರೆಯುತ್ತಿದ್ದರು. ತಮಿಳಿನ ‘ಇೞು’ ಇದರ ಒಡಹುಟ್ಟು. ಎಳೆಯ ಮಗು, ಎಳೆಯ ಸೌತೆಕಾಯಿ ಎನ್ನುವಲ್ಲಿಯ ‘ಎಳೆ’ಯು ಬೇರೆಯ ಮಾತು; ಅದಕ್ಕೆ ಹಿಂದೆಯೂ ‘ಳ’ವೇ ಇದ್ದಿತು. ಇಂಥ ಮಾತುಗಳು ಕಲಸಿಹೋಗದಿರಲೆಂದು ೧೩ನೆಯ ಶತಮಾನದ ಕೇಶಿರಾಜನು ತನ್ನ ಶಬ್ದಮಣಿದರ್ಪಣದಲ್ಲಿ ‘ೞ’ಕಾರವಿರುವ ಶಬ್ದಗಳನ್ನು ಎಣಿಸಿ ಹೇಳಿರುವನು. ಅಕ್ಷರವು ಹೋದಮೇಲೆ ಎರಡು ಮಾತುಗಳೂ ಒಂದೇ ವೇಷದಲ್ಲಿ ತಿರುಗುತ್ತಿವೆ.

ಎಳೆಯುವುದರ ಲಕ್ಷಣವೇನು? ಎಳೆಯುವವನು ಮುಂದೆ, ಭಾರವು ಹಿಂದೆ, ದಾರಿಯು ಉದ್ದಕ್ಕೆ. ಎತ್ತು ಗಾಡಿಯನ್ನು ಎಳೆಯುವುದು, ನೇಗಿಲನ್ನು ಎಳೆಯುವುದು. ಚಳ್ಳಕೆರೆಯ ಕಾವಲುಗಳಲ್ಲಿ ಮೇಯುತ್ತಿದ್ದ ಅಮೃತಮಹಲ್ ದನಗಳು ದಂಡಿನ ತೋಪುಗಳನ್ನು ಎಳೆದು ಹೆಸರಾದವು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಗೆ ಆ ಹೊಸ ಹೆಸರನ್ನಿತ್ತವನು ಟಿಪ್ಪು ಸುಲ್ತಾನ. ಫಾಲ್ಗುಣ ಮಾಸದಲ್ಲಿ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ತೇರಿನ ಮಿಣಿಗೆ ಸಾವಿರಾರು ಜನ ಕೈಹಚ್ಚಿ ತೇರನ್ನು ಎಳೆಯುವರು. ಎಳೆಯುವ ಕೆಲಸದಲ್ಲಿ ಅವಸರವಿಲ್ಲ, ನಿಲುಗಡೆಯೂ ಇಲ್ಲ, ಅದು ಸಾಗುತ್ತಿರಬೇಕು. ಅದಕ್ಕೇ ಗೆರೆಯನ್ನು ಎಳೆಯುವೆವು, ರಾಗವನ್ನು ಎಳೆಯುವೆವು. ಕೆಲಸಗಳ್ಳನು ಕೆಲಸವನ್ನೂ ಎಳೆಯುವನು.

‘ಸೆಳೆ’ ಎಂಬುದು ಹಾಗಲ್ಲ. ಅದರಲ್ಲಿ ಒಂದು ಥಟ್ಟನೆಯ ಗುಣವುಂಟು. ಮಗುವಿನ ಕೈಯಿಂದ ಚಾಕುವನ್ನು ಸೆಳೆದುಕೊಳ್ಳುವೆವೇ ಹೊರತು ಎಳೆದುಕೊಂಡು ಕೂರುವುದಿಲ್ಲ. ಅಲ್ಲದೆ ಸೆಳೆಯುವುದಕ್ಕೆ ಹಗ್ಗವೇ ಬೇಕಾಗಿಲ್ಲ. ಸೂಜಿಗಲ್ಲು ಕಬ್ಬಿಣವನ್ನು ಸೆಳೆಯುವುದು. ಒಳ್ಳೆಯ ಮಾತು ಮನಸ್ಸನ್ನು ಸೆಳೆಯುವುದು. ಹೊಳೆಯ ನೀರು ಕಾಲನ್ನು ಹಿಡಿದು ಒಯ್ಯುವ ಬಲಕ್ಕೆ ‘ಸೆಳವು’ ಎಂಬ ಹೆಸರು ಇದರಿಂದಲೇ ಬಂದಿತು. ಸೆಳವಿನಲ್ಲಿ ಎಳೆಯುವವನೂ ಕಾಣನು, ಹಗ್ಗವೂ ಕಾಣದು. ಅದಕ್ಕೇ ಅದು ಅಪಾಯಕರ. ಬಹುಕಾಲ ಒಣಗಿದ್ದ ಹೊಳೆಯಲ್ಲಿ ಒಮ್ಮೆಗೇ ನೀರು ಬಂದಾಗ ಸೆಳವನ್ನು ಅರಿಯದ ಮಕ್ಕಳನ್ನು ದಡದಲ್ಲಿಯೇ ನಿಲ್ಲಿಸಬೇಕೆಂಬುದನ್ನು ಪ್ರಸಂಗವಶದಿಂದ ಇಲ್ಲಿಯೇ ಹೇಳಿಬಿಡುವೆವು. ‘ಜನರು ತೇರನ್ನು ಸೆಳೆದರು’ ಎಂದು ಬರೆದರೆ ತಪ್ಪು. ‘ತೇರು ಜನರನ್ನು ಸೆಳೆಯಿತು’ ಎಂದರೆ ಸೊಗಸು.

ಮೂರನೆಯದು ‘ಜಗ್ಗು’. ಇದು ಎದುರಾಳಿಯಿರುವ ಎಳೆತ. ಅತ್ತಲಿಂದ ಒಂದು ಬಲ ತಡೆಯುತ್ತಿರಬೇಕು. ಇತ್ತಲಿಂದ ನಾವು ಮೈಭಾರವನ್ನೆಲ್ಲ ಹಾಕಬೇಕು. ಆಗ ಅದು ಜಗ್ಗುವುದೆನಿಸುವುದು. ಗೂಟಕ್ಕೆ ಕಟ್ಟಿದ ಕರುವು ಕಣ್ಣಿಯನ್ನು ಜಗ್ಗುವುದು. ಮಗುವು ತಾಯಿಯ ಸೆರಗನ್ನು ಜಗ್ಗುವುದು. ಹಗ್ಗಜಗ್ಗಾಟವನ್ನು ಹಗ್ಗದೆಳೆದಾಟವೆಂದು ಕರೆಯದಿರುವುದು ಇದರಿಂದಲೇ. ೧೯೦೦ರಿಂದ ೧೯೨೦ರವರೆಗೆ ಒಲಿಂಪಿಕ್ ಕ್ರೀಡೆಗಳಲ್ಲಿಯೂ ಈ ಆಟವಿದ್ದಿತು. ಈ ಮಾತಿಗೆ ಇನ್ನೊಂದು ಮುಖವೂ ಉಂಟು. ಜಗ್ಗುವುದೆಂದರೆ ಎಳೆಯುವುದೂ ಹೌದು, ಎಳೆತಕ್ಕೆ ಸೋತು ಬಾಗುವುದೂ ಹೌದು. ‘ಭಾರಕ್ಕೆ ತೊಲೆ ಜಗ್ಗಿತು’, ‘ಬೆದರಿಕೆಗೆ ಆತ ಜಗ್ಗಲಿಲ್ಲ’ ಎನ್ನುವೆವು. ಹಗ್ಗದ ಎರಡು ಕೊನೆಗಳನ್ನೂ ಒಂದೇ ಮಾತು ಹಿಡಿದುಕೊಂಡಿರುವುದು ಇಲ್ಲಿಯ ವಿಶೇಷ.

ಇವುಗಳ ಸುತ್ತಲೂ ಚಿಕ್ಕಪುಟ್ಟ ನೆಂಟರುಂಟು. ಚಳ್ಳಕೆರೆಯ ಕಂಬಳಿಯ ಕೆಲಸದಲ್ಲಿ ಉಣ್ಣೆಯನ್ನು ಎಳೆಯುವುದಿಲ್ಲ, ಹಿಂಜುವರು; ಬೆರಳುಗಳಿಂದ ಎರಡೂ ಕಡೆಗೆ ಬಿಡಿಸಿ ಬಿಡಿಸಿ ತೆಳುಮಾಡುವುದೇ ಹಿಂಜುವುದು. ಮೊಳಕಾಲ್ಮುರಿನ ಸೀರೆಗೆ ಬೇಕಾದ ರೇಷ್ಮೆಯನ್ನು ಗೂಡಿನಿಂದ ತೆಗೆಯುವುದಕ್ಕೆ ‘ನೂಲು ಬಿಚ್ಚುವುದು’ ಎಂದೇ ಹೆಸರು. ಒಂದು ಗೂಡಿನಲ್ಲಿ ಸಾವಿರ ಮೀಟರಿನಷ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚು ಉದ್ದದ ಎಳೆಯುಂಟು. ಅದನ್ನು ಜಗ್ಗಿದರೆ ಕಡಿಯುವುದು, ಬಿಚ್ಚಿದರೆ ಬರುವುದು. ಒರೆಯಿಂದ ಕತ್ತಿಯನ್ನು ಹಿರಿಯುವರು; ನೆಲದಿಂದ ಶೇಂಗಾ ಗಿಡವನ್ನು ಕೀಳುವರು. ಎಲ್ಲವೂ ಎಳೆಯುವುದೇ ಎಂದ ಯಜಮಾನರು ಕಳೆ ಕೀಳುವ ಹೆಂಗಸರ ಮುಂದೆ ನಿಂತು ‘ಕಳೆ ಎಳೆಯಿರಿ’ ಎಂದು ಹೇಳಿ ನೋಡಲಿ. ಉತ್ತರವು ನಮ್ಮಿಂದ ಬರಬೇಕಾಗಿಲ್ಲ.

ಇನ್ನು ಅಜ್ಜಿಯವರ ಮಾತು, ‘ಸೇದು’. ಆಳದಿಂದ ಮೇಲಕ್ಕೆ, ತನ್ನ ಕಡೆಗೆ, ಕೈಮೇಲೆ ಕೈಯಿಟ್ಟು ಹಗ್ಗವನ್ನು ತಂದುಕೊಳ್ಳುವುದೇ ಸೇದುವುದು. ತಮಿಳಿನವರು ನೀರನ್ನು ‘ಸೇಂದು’ವರು, ತೆಲುಗಿನವರು ‘ಚೇದು’ವರು. ಮೊಳಕಾಲ್ಮುರಿನ ಗಡಿ ದಾಟಿ ರಾಯದುರ್ಗದ ಕಡೆಗೆ ಹೋದರೆ ನಮ್ಮ ಸೇದುವ ಬಾವಿಯು ‘ಚೇದಬಾವಿ’ಯಾಗುವುದು. ಗಡಿಯ ಎರಡೂ ಕಡೆ ಬಾವಿಯು ಒಂದೇ, ಬೆವರೂ ಒಂದೇ. ಮಾತಿನ ಮೊದಲಕ್ಷರವೊಂದು ಮಾತ್ರ ಬದಲು.

ಸೇದುವ ಬಾವಿಯ ಸಾಮಾನುಗಳನ್ನು ನೋಡಿದರೆ ಹುಡುಗನಿಗೆ ತನ್ನ ಹಡಗೇ ನೆನಪಾಗಬೇಕು. ಎರಡು ಕಂಬ, ಅಡ್ಡಕ್ಕೊಂದು ತೊಲೆ, ಅದರಲ್ಲಿ ರಾಟೆ. ನೂಲುವ ರಾಟೆಯಲ್ಲ, ಹಗ್ಗಕ್ಕೆ ಅಂಚಿನಲ್ಲಿ ದಾರಿಯಿರುವ ಬಾವಿಯ ರಾಟೆ. ಹಗ್ಗದ ತುದಿಗೆ ಜಾರದ ಕುಣಿಕೆ. ಕೊಡವು ಕಳಚಿ ಬಾವಿಗೆ ಬಿದ್ದರೆ ತೆಗೆಯುವುದಕ್ಕೆ ಪಾತಾಳಗರಡಿ. ಹಲವು ಕೊಕ್ಕೆಗಳ ಆ ಕಬ್ಬಿಣದ ಸಾಧನವನ್ನು ಲಂಗರಿನ ಪಕ್ಕದಲ್ಲಿಟ್ಟರೆ ತಮ್ಮನಂತೆ ತೋರುವುದು. ಒಂದೇ ರಾಟೆಯಿದ್ದರೆ ಭಾರವೇನೂ ಕಡಮೆಯಾಗುವುದಿಲ್ಲ. ಆದರೆ ಎತ್ತುವ ಕೆಲಸವು ಕೆಳಕ್ಕೆಳೆಯುವ ಕೆಲಸವಾಗಿ ಬದಲಾಗುವುದು. ನಮ್ಮ ಮೈಯ ತೂಕವೇ ಸಹಾಯಕ್ಕೆ ಬರುವುದು. ಹಡಗಿನವರು ಒಂದಕ್ಕೆ ಬದಲು ಹಲವು ರಾಟೆಗಳನ್ನು ಜೋಡಿಸುವರು. ಭಾರವನ್ನು ನಾಲ್ಕು ಎಳೆ ಹಗ್ಗ ಹೊತ್ತರೆ, ತಿಕ್ಕಾಟವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಕಾಲುಪಾಲು ಬಲ ಸಾಕು. ಆದರೆ ನಾಲ್ಕರಷ್ಟು ಉದ್ದದ ಹಗ್ಗವನ್ನು ಎಳೆಯಬೇಕು. ಬಲದಲ್ಲಿ ಉಳಿದದ್ದು ಉದ್ದದಲ್ಲಿ ಹೋಗುವುದು.

ಅಜ್ಜಿಯವರು ಹೇಳಿದ ಮೂವತ್ತು ವರ್ಷಗಳು ಎಷ್ಟು ದೊಡ್ಡವೆಂಬುದಕ್ಕೆ ಒಂದು ಸಣ್ಣ ಲೆಕ್ಕವನ್ನು ಹಾಕೋಣ. ಬಾವಿಯ ನೀರು ೬೦ ಅಡಿ ಆಳದಲ್ಲಿದೆ ಎಂದುಕೊಳ್ಳಿರಿ. ಮನೆಗೆ ದಿನಕ್ಕೆ ೨೦ ಕೊಡ ನೀರು ಬೇಕು. ಕೊಡಕ್ಕೆ ೧೦ ಲೀಟರು. ದಿನಕ್ಕೆ ೧೨೦೦ ಅಡಿ ಹಗ್ಗವು ಕೈಯಲ್ಲಿ ಬರಬೇಕು. ದಿಲ್ಲಿಯ ಕುತುಬ್ ಮಿನಾರಿನ ಎತ್ತರವು ಸುಮಾರು ೨೪೦ ಅಡಿ. ಎಂದರೆ ಅಂತಹ ಐದು ಮಿನಾರುಗಳ ಎತ್ತರಕ್ಕೆ ಸಮನಾದ ಹಗ್ಗವನ್ನು, ತುದಿಯಲ್ಲಿ ಪ್ರತಿಸಲವೂ ೧೦ ಕಿಲೋಗ್ರಾಮಿಗೆ ಮೀರಿದ ಭಾರವಿಟ್ಟುಕೊಂಡು, ಒಲೆ ಹಚ್ಚುವುದಕ್ಕೆ ಮುಂಚೆಯೇ ಸೇದಿ ಮುಗಿಸಿದ ಕೈಗಳವು. ಹಳೆಯ ಬಾವಿಗಳ ಕಟ್ಟೆಯ ಕಲ್ಲಿನಲ್ಲಿ ಹಗ್ಗವು ಉಜ್ಜಿ ಉಜ್ಜಿ ಕೊರೆದ ಗೆರೆಗಳನ್ನು ವಾಚಕರು ಕಂಡಿರಬಹುದು. ಕಲ್ಲಿನ ಮೇಲಿನ ಗುರುತು ಉಳಿಯಿತು. ಕೈಯ ಮೇಲಿನ ಗುರುತನ್ನು ಯಾರೂ ಬರೆದಿಡಲಿಲ್ಲ.

ಹೊಲಕ್ಕೆ ನೀರೆತ್ತುವಲ್ಲಿ ಕೈ ಸಾಲದು. ಅಲ್ಲಿಗೆ ಕಪಿಲೆ ಬಂದಿತು. ಬಾವಿಯ ಬಾಯಲ್ಲಿ ದೊಡ್ಡ ರಾಟೆ, ಅದರ ಮೇಲೆ ಮಿಣಿ, ಮಿಣಿಯ ತುದಿಗೆ ತೊಗಲಿನ ದೊಡ್ಡ ಚೀಲ. ಎತ್ತುಗಳು ಬಾವಿಯಿಂದಾಚೆಗೆ ಇಳಿಜಾರಿನಲ್ಲಿ ಇಳಿದುಹೋದರೆ ಚೀಲವು ಮೇಲೆ ಬಂದು, ಅದರ ಬಾಲದ ಬಾಯಿ ತೆರೆದು, ನೀರು ಕಾಲುವೆಗೆ ಸುರಿಯುವುದು. ಎತ್ತುಗಳು ಹಿಮ್ಮೆಟ್ಟಿ ಇಳಿಜಾರನ್ನೇರಿದರೆ ಚೀಲವು ಮತ್ತೆ ಕೆಳಗಿಳಿಯುವುದು. ಹೊಡೆಯುವವನು ಇಳಿಯುವಾಗ ಮಿಣಿಯ ಮೇಲೆ ಕುಳಿತು ತನ್ನ ಭಾರವನ್ನೂ ಸೇರಿಸುತ್ತಿದ್ದನು. ಇಷ್ಟೆಲ್ಲ ಎಳೆತವಿದ್ದರೂ ರೈತನು ‘ಕಪಿಲೆ ಎಳೆದೆ’ ಎನ್ನಲಿಲ್ಲ, ‘ಕಪಿಲೆ ಸೇದಿದೆ’ ಎನ್ನಲಿಲ್ಲ. ‘ಕಪಿಲೆ ಹೊಡೆದೆ’ ಎಂದನು. ಎಳೆದದ್ದು ಎತ್ತು, ತಾನು ಹೊಡೆದವನು ಮಾತ್ರ ಎಂಬ ನ್ಯಾಯವು ಆ ಮಾತಿನಲ್ಲಿದೆ. ಮೊದಲು ಎಣ್ಣೆಯ ಯಂತ್ರ, ಆಮೇಲೆ ವಿದ್ಯುತ್ತಿನ ಪಂಪು, ಆಮೇಲೆ ಕೊಳವೆಬಾವಿ ಬಂದು ಕಪಿಲೆಯು ನಿಂತುಹೋಯಿತು. ಕೊಳವೆಬಾವಿಯ ನೀರು ಎಷ್ಟು ಆಳದಲ್ಲಿದೆಯೆಂಬುದು ಕೈಗೆ ತಿಳಿಯುವುದಿಲ್ಲ. ಸೇದುತ್ತಿದ್ದವರಿಗೆ ಬೇಸಗೆಯಲ್ಲಿ ಹಗ್ಗವು ಒಂದು ಮೊಳ ಸಾಲದೆಹೋದರೆ ಅಂದೇ ಎಚ್ಚರಿಕೆ ಹುಟ್ಟುತ್ತಿದ್ದಿತು.

ಕೆಲಸವು ಹೋದಮೇಲೆ ಮಾತು ಏನಾಗುವುದು? ಪಟ್ಟಣದ ಮಕ್ಕಳನ್ನು ‘ಸೇದು’ ಎಂದರೇನೆಂದು ಕೇಳಿದರೆ ‘ಬೀಡಿ ಸೇದುವುದು’ ಎನ್ನುವರು. ಹೊಗೆಯನ್ನು ಒಳಕ್ಕೆಳೆದುಕೊಳ್ಳುವುದನ್ನು ನೀರು ಸೇದುವುದಕ್ಕೆ ಹೋಲಿಸಿ ಹಿಂದಿನವರು ಆಡಿದ ಮಾತದು. ಈಗ ಹೋಲಿಕೆ ಮಾತ್ರ ಉಳಿದು ಮೂಲವು ಮರೆಯಾಗುತ್ತಿದೆ. ಇಂಗ್ಲಿಷಿನವರಲ್ಲಿಯೂ ಇಂತಹದೇ ಆಯಿತು. ‘ಬೌಸ್’ ಎಂಬುದಕ್ಕೆ ಹಾಯಿಯ ಹೆಸರೊಂದನ್ನು ಸೇರಿಸಿ, ಕುಡಿಯುವುದಕ್ಕೆ ವಿನೋದದ ಮಾತನ್ನಾಗಿ ನಾವಿಕರು ಬಳಸುತ್ತಿದ್ದರೆಂದು ೧೮೬೭ರಲ್ಲಿ ಅಚ್ಚಾದ ಸ್ಮಿತ್ ಎಂಬ ನೌಕಾಧಿಕಾರಿಯ ನಾವಿಕರ ನಿಘಂಟು ಹೇಳುತ್ತದೆ. ಅವರ ಹಗ್ಗದ ಮಾತು ಹೆಂಡದಂಗಡಿಗೆ ಹೋಯಿತು. ನಮ್ಮದು ಬೀಡಿಯಂಗಡಿಗೆ ಬಂದಿತು. ಶ್ರಮದ ಮಾತುಗಳಿಗೆ ಮುಪ್ಪಿನಲ್ಲಿ ಇಂತಹ ಗತಿಯೇ ಹೆಚ್ಚೆಂದು ತೋರುತ್ತದೆ.

ಕಡಲಿನ ಮಾತೆಂದ ಮೇಲೆ ಕನ್ನಡನಾಡಿನ ಕರಾವಳಿಯನ್ನು ಕೇಳದೆ ತೀರ್ಪು ಕೊಡುವುದು ಸರಿಯಲ್ಲ. ಚಳ್ಳಕೆರೆಗೆ ಕಡಲಿಲ್ಲದಿದ್ದರೂ ಕಾರವಾರ, ಹೊನ್ನಾವರ, ಮಲ್ಪೆಗಳಿಗೆ ಉಂಟು. ಅಲ್ಲಿಯ ರಂಪಣಿಯ ಬಲೆ ಪ್ರಸಿದ್ಧವಾದುದು. ದೋಣಿಯಲ್ಲಿ ಹೋಗಿ ಕಡಲಿನಲ್ಲಿ ಬಲೆಯನ್ನು ಅರ್ಧಚಂದ್ರಾಕಾರವಾಗಿ ಬಿಟ್ಟುಬಂದು, ಎರಡು ಕೊನೆಗಳ ಹಗ್ಗಗಳನ್ನು ದಡದಲ್ಲಿ ಹತ್ತಾರು ಜನ ಹಿಡಿದು ಎಳೆಯುತ್ತಿದ್ದರು; ಸಿಕ್ಕಿದ ಮೀನಿನಲ್ಲಿ ಎಳೆದವರಿಗೆ ಪಾಲು. ೧೯೭೦ರ ದಶಕದಲ್ಲಿ ಯಂತ್ರದ ದೋಣಿಗಳೂ ಹೊಸಬಗೆಯ ಸುತ್ತುಬಲೆಗಳೂ ಬಂದಮೇಲೆ ರಂಪಣಿಯು ಬಹುಮಟ್ಟಿಗೆ ಹಿಂಜರಿಯಿತು. ಬಲೆಯು ಉದ್ದಕ್ಕೆ ದಡದತ್ತ ಸಾಗಿಬರುವುದರಿಂದ ಅಲ್ಲಿ ‘ಎಳೆ’ ಎಂಬುದೇ ಸರಿಯಾದ ಮಾತು. ಲಂಗರನ್ನು ಎತ್ತುವರು, ಹಾಯಿಯನ್ನು ಏರಿಸುವರು. ದೋಣಿ ನಡೆಸುವವನು ತನ್ನ ಕಡೆಗೆ ಬಲವಾಗಿ ಎಳೆಯುತ್ತಿದ್ದರೂ ಕನ್ನಡವು ಅದನ್ನು ಎಳೆತವೆನ್ನದೆ ‘ಹುಟ್ಟು ಹಾಕುವುದು’ ಎನ್ನುವುದು. ಹಳಗನ್ನಡದಲ್ಲಿ ಎಳೆಯುವುದಕ್ಕೆ ‘ತುಯ್’ ಎಂಬ ಅಪರೂಪದ ಮಾತೂ ಇದ್ದಿತು. ಈಗ ಅದು ಅಲೆಯ ಮೇಲೆ ದೋಣಿ ತುಯ್ದಾಡುವಲ್ಲಿಯೂ, ಅತ್ತ ಇತ್ತ ಎಳೆಯಲ್ಪಡುವ ಮನಸ್ಸಿನ ತುಯ್ದಾಟದಲ್ಲಿಯೂ ಮಾತ್ರ ಉಳಿದಿದೆ.

ಈಗ ತೀರ್ಪು. ಯಜಮಾನರ ‘ಎಳೆ’ಯು ತಪ್ಪಲ್ಲ, ಆದರೆ ಸಾಲದು. ಅದು ಕೆಲಸವನ್ನು ಹೇಳುವುದು, ಬಗೆಯನ್ನು ಹೇಳದು. ಅಜ್ಜಿಯವರ ‘ಸೇದು’ ರಾಟೆಯನ್ನೂ ಹಗ್ಗವನ್ನೂ ಬಲ್ಲ ಮಾತು. ಭಾರವು ಕೆಳಗಿನಿಂದ ಮೇಲಕ್ಕೆ ಬರುವುದಾದರೆ ಅದಕ್ಕಿಂತ ಒಳ್ಳೆಯ ಮಾತು ಬೇಕಾಗಿಲ್ಲ. ಆದರೆ ಜೀವರಕ್ಷಕ ದೋಣಿಯು ಮೇಲಕ್ಕೆ ಬರುವುದಿಲ್ಲ. ಪಕ್ಕಕ್ಕೆ ಬರುವುದು, ಗಾಳಿಗೂ ಅಲೆಗೂ ಎದುರಾಗಿ ಬರುವುದು, ಬಂದಮೇಲೆ ಬಿಗಿಯಾಗಿ ನಿಲ್ಲಬೇಕು. ಎದುರಾಳಿಯಿರುವ ಎಳೆತಕ್ಕೆ ನಮ್ಮ ಮಾತು ‘ಜಗ್ಗು’ ಎಂದು ಮೇಲೆ ಹೇಳಿರುವೆವು. ಆದುದರಿಂದ ‘ರಾಟೆ ಹಗ್ಗವನ್ನು ಜಗ್ಗಿ ಹಿಡಿ’ ಎಂದರೆ ಆ ಪಾಠದ ಅರ್ಥವು ಪೂರ್ಣವಾಗಿ ಬರುವುದೆಂದು ನಮ್ಮ ಅಭಿಪ್ರಾಯ. ಕೂಗಿ 	ಹೇಳುವುದಕ್ಕೆ ‘ಜಗ್ಗಿ ಹಿಡಿ!’ ಎಂಬಷ್ಟೇ ಸಾಕು. ಕಡಲಿಲ್ಲದ ನಾಡಿನಲ್ಲಿ ಮಾತಿಲ್ಲವೆಂದ ಹುಡುಗನೊಬ್ಬನದೇ ಪೂರ್ತಿ ಸೋಲು. ಅವನು ಚಿಕ್ಕವನು, ಸೋತು ಕಲಿಯಲಿ.

ಕಾಗದದ ಕೊನೆಯಲ್ಲಿದ್ದ ಮಾತನ್ನು ಹೇಳುವೆವೆಂದಿದ್ದೆವು. ಮೊಮ್ಮಗನು ಒಪ್ಪಿಕೊಂಡು, “ಹಂಗಾದ್ರೆ ನಿಮ್ಮೂರಲ್ಲಿ ಎಲ್ಲಾರೂ ಸೇದ್ತಿದ್ರಾ ಅಜ್ಜಿ?” ಎಂದು ಕೇಳಿದನಂತೆ. ಅಜ್ಜಿಯವರು ಸ್ವಲ್ಪಹೊತ್ತು ಸುಮ್ಮನಿದ್ದು, “ಎಲ್ಲಾರೂ ಅಲ್ಲ ಮಗಾ. ಕೆಲವರು ಕೊಡ ಕೆಳಗಿಟ್ಟು ದೂರ ನಿಂತಿರೋರು. ನಾವು ಮೇಲಿಂದ ಹೊಯ್ತಿದ್ವಿ. ಅವರಿಗೆ ಹಗ್ಗ ಮುಟ್ಟಾಕೆ ಬಿಡ್ತಿರಲಿಲ್ಲ. ಬಿಸಿಲಲ್ಲಿ ಎಷ್ಟೊತ್ತು ನಿಂತಿರೋರೋ” ಎಂದರಂತೆ. ಇದಕ್ಕೆ ಪ್ರಶ್ನೆಯ ಗುರುತನ್ನು ಹಾಕದೆ, ‘ತಮಗೆ ತಿಳಿದಿರಲಿ ಎಂದು ಬರೆದೆ’ ಎಂದಷ್ಟೇ ಆ ಗೃಹಿಣಿಯವರು ಬರೆದು ಮುಗಿಸಿರುವರು.

ವ್ಯಾಕರಣವನ್ನು ಬರೆಯುವ ನಾವು ಇದಕ್ಕೆ ವ್ಯಾಕರಣದಿಂದಲೇ ಉತ್ತರ ಹೇಳಬೇಕಾಗಿದೆ. ಕನ್ನಡದಲ್ಲಿ ‘ಕೊಳ್ಳು’ ಎಂಬುದನ್ನು ಸೇರಿಸಿದರೆ ಕೆಲಸದ ಫಲವು ಮಾಡಿದವನಿಗೇ ಬರುವುದು. ‘ಸೇದಿಕೊಂಡಳು’ ಎಂದರೆ ತನ್ನ ನೀರನ್ನು ತಾನೇ ತಂದುಕೊಂಡಳು. ‘ಹೊಯ್ಯಿಸಿಕೊಂಡಳು’ ಎಂದರೆ ನೀರು ಬಂದಿತು, ಆದರೆ ಇನ್ನೊಬ್ಬರ ಕೈಯ ದಾರಿಯಲ್ಲಿ, ಇನ್ನೊಬ್ಬರ ಮನಸ್ಸು ಬಂದಾಗ. ಎರಡರ ನಡುವೆ ಇರುವುದು ಕೆಲವೇ ಅಕ್ಷರಗಳು. ಆದರೆ ಅಷ್ಟರಲ್ಲಿ ಒಬ್ಬ ಮನುಷ್ಯಳ ಮಾನವು ಅಡಗಿದೆ. ೧೯೨೭ರಲ್ಲಿ ಮಹಾಡಿನ ಚವದಾರ ಕೆರೆಯ ಬಳಿ ಡಾಕ್ಟರ್ ಅಂಬೇಡ್ಕರರು ಜನರನ್ನು ಕೂಡಿಕೊಂಡು ಹೋಗಿ ಬೊಗಸೆಯಲ್ಲಿ ನೀರನ್ನು ಕುಡಿದುದು ಇದಕ್ಕಾಗಿಯೇ. ೧೯೫೦ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನವು ೧೭ನೆಯ ಅನುಚ್ಛೇದದಲ್ಲಿ ಅಸ್ಪೃಶ್ಯತೆಯನ್ನು ರದ್ದುಮಾಡಿದುದಲ್ಲದೆ, ೧೫ನೆಯ ಅನುಚ್ಛೇದದಲ್ಲಿ ಸಾರ್ವಜನಿಕವಾದ ಬಾವಿ, ಕೆರೆ, ಸ್ನಾನಘಟ್ಟಗಳ ಬಳಕೆಗೆ ಜಾತಿಯ ಹೆಸರಿನಿಂದ ಯಾರನ್ನೂ ತಡೆಯಕೂಡದೆಂದು ಬಾವಿಯ ಹೆಸರನ್ನೇ ಎತ್ತಿ ವಿಧಿಸಿದೆ. ದೇಶದ ಮೂಲಶಾಸನದಲ್ಲಿ ಬಾವಿಯನ್ನು ಹೆಸರಿಸಬೇಕಾಗಿ ಬಂದುದು ಅಜ್ಜಿಯವರು ಕಂಡಂತಹ ನೋಟಗಳಿಂದಲೇ. ‘ಸೇದು’ ಎಂಬ ಮಾತನ್ನು ಉಳಿಸಿಕೊಳ್ಳಬೇಕೆಂದು ನಾವು ಬಯಸುವುದು ನಿಜ. ಉಳಿಸಿಕೊಳ್ಳುವಾಗ ಹಗ್ಗ ಹಿಡಿದವರ ಶ್ರಮದೊಡನೆ ಹಗ್ಗ ಸಿಕ್ಕದವರ ಕಾಯುವಿಕೆಯನ್ನೂ ಸೇರಿಸಿಯೇ ಉಳಿಸಿಕೊಳ್ಳಬೇಕು. ಅಜ್ಜಿಯವರು ಮೊಮ್ಮಗನಿಗೆ ಎರಡನ್ನೂ ಕೊಟ್ಟರು. ಅದಕ್ಕಾಗಿ ಅವರಿಗೆ ನಮ್ಮ ನಮಸ್ಕಾರವನ್ನು ತಿಳಿಸಬೇಕೆಂದು ಆ ಗೃಹಿಣಿಯವರನ್ನು ಬೇಡಿಕೊಳ್ಳುವೆವು.

ವಾಚಕರಲ್ಲಿ ನಮ್ಮ ವಿಜ್ಞಾಪನೆಯೊಂದುಂಟು. ತಮ್ಮ ಮನೆಗಳಲ್ಲಿ ಬಾವಿ ಸೇದಿದ, ಕಪಿಲೆ ಹೊಡೆದ, ಉಣ್ಣೆ ಹಿಂಜಿದ ಹಿರಿಯರಿದ್ದರೆ, ಒಂದು ಸಂಜೆ ಮಕ್ಕಳನ್ನು ಅವರ ಬಳಿ ಕೂರಿಸಿ, ಹಗ್ಗದ ಒಂದೊಂದು ಗಂಟಿಗೂ ರಾಟೆಯ ಒಂದೊಂದು ಭಾಗಕ್ಕೂ ತಮ್ಮ ಊರಿನಲ್ಲಿ ಏನೆನ್ನುತ್ತಿದ್ದರೆಂದು ಕೇಳಿ ಬರೆದುಕೊಳ್ಳಲಿ. ಊರಿನ ಹೆಸರನ್ನೂ ತಾಲ್ಲೂಕನ್ನೂ ಕಾಣಿಸಿ ನಮಗೆ ಕಳುಹಿಸಿದರೆ ಈ ಪುಟಗಳಲ್ಲಿ ಸಂತೋಷದಿಂದ ಪ್ರಕಟಿಸುವೆವು. ಮುಂದಿನ ತಿಂಗಳು ‘ಹೊರು’, ‘ಹೊತ್ತುಕೊಳ್ಳು’, ‘ಎತ್ತು’, ‘ನೆಗಹು’ ಎಂಬ ಮಾತುಗಳನ್ನು ಕುರಿತು ಬಂದಿರುವ ಪ್ರಶ್ನೆಗಳನ್ನು ಎತ್ತಿಕೊಳ್ಳುವೆವು.